ಗೇನ್ ಎಷ್ಟು, ಬಣ್ಣ ಎಷ್ಟು

ರೆಕಾರ್ಡಿಂಗ್ ಸಾಮಗ್ರಿಗಳಲ್ಲಿ ಅತಿ ಹೆಚ್ಚು ಸ್ಥಳಪುರಾಣ ಕಟ್ಟಿಸಿಕೊಂಡಿರುವುದು ಮೈಕೂ ಅಲ್ಲ, ಸ್ಪೀಕರೂ ಅಲ್ಲ. ಎರಡರ ನಡುವೆ ಎಲ್ಲೋ ಕೂತು, ಹಾಡುವವರ ಕಣ್ಣಿಗೂ ಕೇಳುವವರ ಕಣ್ಣಿಗೂ ಬೀಳದ ಮೈಕ್ ಪ್ರೀಆಂಪ್ಲಿಫೈಯರ್, ಬಾಯಿಮಾತಿನಲ್ಲಿ ಪ್ರೀಆಂಪ್. ಇದು ಇಂಥ ಕನ್ಸೋಲಿನಿಂದ ಕಿತ್ತು ತಂದದ್ದು, ಇಂಥ ಆಲ್ಬಮ್ ಇದರಲ್ಲೇ ಆದದ್ದು, ಒಳಗಿನ ಟ್ರಾನ್ಸ್‌ಫಾರ್ಮರ್ ಇಂಥ ಊರಿನಲ್ಲೇ ಸುತ್ತಿಸಿದ್ದು ಎಂಬ ಕಥೆಗಳು ಪೆಟ್ಟಿಗೆಯ ಜೊತೆಗೇ ಬಿಕರಿಯಾಗುತ್ತವೆ. ಮನೆಯ ಒಂದು ಕೋಣೆಯನ್ನು ಸ್ಟುಡಿಯೋ ಮಾಡಿಕೊಂಡ ಹಾಡುಗಾರರು, ಪಾಡ್‌ಕ್ಯಾಸ್ಟ್ ಶುರುಮಾಡಿದವರು, ಆಡಿಯೋ ಪುಸ್ತಕ ಓದುವವರು ಎಲ್ಲರೂ ಒಂದಲ್ಲ ಒಂದು ದಿನ ಬಂದು ಕೇಳುತ್ತಾರೆ: "ಸರ್, ಇಂಟರ್ಫೇಸ್‌ನಲ್ಲಿರೋ ಪ್ರೀಆಂಪ್ ಸಾಕಾ, ಬೇರೆ ತಗೋಬೇಕಾ?"

ಇಂಟರ್ಫೇಸ್ ಅಂದರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ. ಹೆಚ್ಚಿನವರಿಗೆ ಅದರೊಳಗಿನ ಪ್ರೀಆಂಪೇ ಸಾಕು. ಸಾಲದೆ ಇರುವವರು ಉಂಟು, ಅವರು ಯಾರು ಎಂಬುದನ್ನು ಲೆಕ್ಕ ಹಾಕಿ ಹೇಳಬಹುದು. ನನ್ನ ತಕರಾರು ಪ್ರೀಆಂಪ್‌ಗಳ ಮೇಲಲ್ಲ, ನಾವು ಅವನ್ನು ಆರಿಸುವ ರೀತಿಯ ಮೇಲೆ. ಹೆಸರಿನಿಂದ ಶುರುಮಾಡಿ ಹಾಡುಗಾರನ ಕಡೆಗೆ ಬರುತ್ತೇವೆ. ಹೋಗಬೇಕಾದ್ದು ಎದುರು ದಿಕ್ಕಿನಲ್ಲಿ: ಮೊದಲು ದನಿ, ಆಮೇಲೆ ಮೈಕು, ಆಮೇಲೆ ಕೋಣೆ, ಕೊನೆಗೆ ಪ್ರೀಆಂಪ್.

ಅದರ ಕೆಲಸವನ್ನು ಹೇಳಲು ಹೆಚ್ಚು ಹೊತ್ತು ಬೇಡ. ಮೈಕಿನಿಂದ ಹೊರಡುವ ಸಿಗ್ನಲ್ ಮಿಲಿವೋಲ್ಟ್‌ಗಳಲ್ಲಿರುತ್ತದೆ, ಕೆಲವೊಮ್ಮೆ ಅದಕ್ಕೂ ಕಮ್ಮಿ. ಸ್ಟುಡಿಯೋದ ಮಿಕ್ಕ ಯಂತ್ರಗಳು ಲೈನ್ ಲೆವೆಲ್ ಎಂದು ಒಪ್ಪಿಕೊಂಡಿರುವುದು ಸುಮಾರು 1.23 ವೋಲ್ಟ್. ಈ ಅಂತರವನ್ನು ಆದಷ್ಟು ಕಡಿಮೆ ಹಿಸ್ ಸೇರಿಸಿ, ಆದಷ್ಟು ಕಡಿಮೆ ವಿಕಾರ ಮಾಡಿ ತುಂಬಿಕೊಡುವುದೇ ಪ್ರೀಆಂಪ್. ಇದಿಲ್ಲದ ಕಾಲವೂ ಇತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ್ದು ದೊಡ್ಡದೊಂದು ತುತ್ತೂರಿಯೊಳಕ್ಕೆ. ಆಕೆಯ ಉಸಿರಿನ ಬಲವೇ ಸೂಜಿಯನ್ನು ಅಲ್ಲಾಡಿಸಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯಬೇಕಿತ್ತು. 1925ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಮೈಕು ಮತ್ತು ವಾಲ್ವ್ ಆಂಪ್ಲಿಫೈಯರಿನ ಪದ್ಧತಿ ಬಳಕೆಗೆ ಬಂದ ಮೇಲಷ್ಟೇ ಮೆಲ್ಲಗೆ ಹಾಡಿದ್ದನ್ನೂ ಅಚ್ಚುಹಾಕುವುದು ಸಾಧ್ಯವಾಯಿತು. ಕಿವಿಯ ಪಕ್ಕ ಕೂತು ಹೇಳಿದಂತೆ ಹಾಡುವ ನಮ್ಮ ಭಾವಗೀತೆಯ ಶೈಲಿ ಈ ಸೌಲಭ್ಯದ ಮೇಲೇ ನಿಂತಿದೆ ಎಂದರೆ ಹೆಚ್ಚಾಗದು.

ಈಗ ಲೆಕ್ಕ. ಪಾಡ್‌ಕ್ಯಾಸ್ಟ್‌ನವರ ಕಣ್ಣು ಮೊದಲು ಬೀಳುವುದು ಶೂರ್ ಕಂಪನಿಯ ಎಸ್‌ಎಂ7ಬಿ ಮೈಕಿನ ಮೇಲೆ. ಒಳ್ಳೆಯ ಮೈಕು, ಆದರೆ ಬಲು ಮೆತ್ತಗೆ ಮಾತಾಡುವ ಜಾತಿ. 94 ಡೆಸಿಬೆಲ್ ಸದ್ದು ಬಿದ್ದಾಗ ಅದು ಕೊಡುವುದು 1.12 ಮಿಲಿವೋಲ್ಟ್. ಮಾಮೂಲಿ ಮಾತು ಒಂದು ಮೀಟರ್ ದೂರದಲ್ಲಿ 60 ಡೆಸಿಬೆಲ್ ಆಸುಪಾಸು. ಬಾಯಿಯಿಂದ ಒಂದು ಗೇಣಿಗೂ ಕಮ್ಮಿ, ಅಂದರೆ ಹತ್ತು ಸೆಂಟಿಮೀಟರಿಗೆ ಮೈಕು ಇಟ್ಟರೆ ಅದು 80ಕ್ಕೆ ಏರುತ್ತದೆ. ಆಗ ಮೈಕಿನಿಂದ ಹೊರಡುವುದು ಸುಮಾರು 0.22 ಮಿಲಿವೋಲ್ಟ್. ಇದನ್ನು ಲೈನ್ ಲೆವೆಲ್‌ಗೆ ಏರಿಸಲು ಐದೂವರೆ ಸಾವಿರ ಪಟ್ಟು, ಡೆಸಿಬೆಲ್ ಲೆಕ್ಕದಲ್ಲಿ 75, ಗೇನ್ ಬೇಕು. ಮನೆ ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಕಾಣುವ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಇಂಟರ್ಫೇಸಿನ ಮೂರನೆಯ ಪೀಳಿಗೆಯ ಗೇನ್ ವ್ಯಾಪ್ತಿ 56 ಡೆಸಿಬೆಲ್. "ನೋಡಿದ್ರಾ, ಸಾಲಲ್ಲ!" ಎಂದು ಬೇರೆ ಪ್ರೀಆಂಪ್ ಮಾರುವವರು ಇಲ್ಲಿಗೆ ಲೆಕ್ಕ ನಿಲ್ಲಿಸುತ್ತಾರೆ.

ಇನ್ನೆರಡು ಸಾಲು ಮುಂದುವರಿಸಿದರೆ ಚಿತ್ರವೇ ಬದಲಾಗುತ್ತದೆ. ಇಂಟರ್ಫೇಸಿನೊಳಗೆ ಸಿಗ್ನಲ್ ಲೈನ್ ಲೆವೆಲ್ ಮುಟ್ಟಬೇಕೆಂದೇನಿಲ್ಲ, ಡಿಜಿಟಲ್ ಪರಿವರ್ತಕ ತುಂಬಿದರಾಯಿತು. ಆ ಯಂತ್ರದಲ್ಲಿ ಗೇನ್ ಪೂರ್ತಿ ಇಳಿಸಿದಾಗ ಪರಿವರ್ತಕ ತುಂಬುವುದು +9 ಡಿಬಿಯುಗೆ (ಸಿಗ್ನಲ್ಲಿನ ವೋಲ್ಟೇಜನ್ನು ಡೆಸಿಬೆಲ್ಲಿನಲ್ಲಿ ಹೇಳುವ ಮಾನ ಇದು). ಪೂರ್ತಿ ಏರಿಸಿದಾಗ 56 ಕಳೆದು −47ಕ್ಕೆ. ನಮ್ಮ 0.22 ಮಿಲಿವೋಲ್ಟ್ ಅಂದರೆ −71 ಡಿಬಿಯು. ಹಾಗಾಗಿ ಸರಾಸರಿ ಮಾತು ಡಿಜಿಟಲ್ ಮೀಟರಿನಲ್ಲಿ −24ರ ಹತ್ತಿರ ಬಂದು ನಿಲ್ಲುತ್ತದೆ. ಒತ್ತಿ ಹೇಳಿದ ಅಕ್ಷರಗಳು ಅದಕ್ಕೂ ಹತ್ತು ಹನ್ನೆರಡು ಡೆಸಿಬೆಲ್ ಮೇಲೆ ಚಿಮ್ಮುತ್ತವೆ. 24 ಬಿಟ್ ರೆಕಾರ್ಡಿಂಗಿಗೆ ಇದು ಬೇಕಾದಷ್ಟಾಯಿತು. ಗೇನ್ ನಾಬ್ ಕೊನೆಯವರೆಗೂ ತಿರುಗಿದೆ ಎನ್ನುವ ಕಸಿವಿಸಿ ಒಂದನ್ನು ಬಿಟ್ಟರೆ ತೊಂದರೆಯಿಲ್ಲ.

ಹಾಗಾದರೆ ಹಿಸ್? ಪ್ರೀಆಂಪ್ ತಾನೇ ಸೇರಿಸುವ ಸದ್ದನ್ನು ಇನ್‌ಪುಟ್ಟಿಗೆ ಇಳಿಸಿ ಹೇಳುವ ಅಂಕಿಗೆ ಇಐಎನ್ ಎಂದು ಹೆಸರು. ಕ್ಯಾಟಲಾಗಿನ ಪುಟದಲ್ಲಿ ಮೊದಲು ಹುಡುಕಬೇಕಾದ್ದು ಇದನ್ನೇ. 150 ಓಮ್‌ನ ಯಾವುದೇ ರೆಸಿಸ್ಟರ್ ಕೋಣೆಯ ಉಷ್ಣತೆಯಲ್ಲಿ ಸುಮ್ಮನೆ ಕೂತರೂ ಅದರೊಳಗಿನ ಇಲೆಕ್ಟ್ರಾನುಗಳ ಚಡಪಡಿಕೆಯಿಂದ −131 ಡಿಬಿಯು ಆಸುಪಾಸಿನ ಸದ್ದು ಹುಟ್ಟುತ್ತದೆ. ಎ-ವೇಟಿಂಗ್ ಎಂಬ ಕಿವಿಗೊಪ್ಪುವ ತೂಕ ಹಾಕಿದರೆ ಅಂಕಿ ಇನ್ನೆರಡು ಡೆಸಿಬೆಲ್ ಕೆಳಗಿಳಿಯುತ್ತದೆ. ಅಳತೆಗೆ ಮೈಕಿನ ಬದಲು ಜೋಡಿಸುವುದು ಇಂಥ ರೆಸಿಸ್ಟರನ್ನೇ, ಹಾಗಾಗಿ ಇದಕ್ಕಿಂತ ಮೌನವಾದ ಪ್ರೀಆಂಪನ್ನು ಯಾವ ದೇಶದ ಯಾವ ಕುಶಲಿಯೂ ಮಾಡಲಾರ. ಮೇಲೆ ಹೇಳಿದ ಅಗ್ಗದ ಇಂಟರ್ಫೇಸಿನ ಅಂಕಿ ಎ-ವೇಟಿಂಗ್ ಸಮೇತ −128. ಅಂದರೆ ಪ್ರಕೃತಿ ಹಾಕಿದ ಗೆರೆಗೂ ಹದಿನೈದಿಪ್ಪತ್ತು ಸಾವಿರ ರೂಪಾಯಿಯ ಪೆಟ್ಟಿಗೆಗೂ ನಡುವೆ ಉಳಿದಿರುವ ಜಾಗ ಸುಮಾರು ಐದು ಡೆಸಿಬೆಲ್. ಲಕ್ಷಗಟ್ಟಲೆ ಕೊಟ್ಟವರು ಮೌನದ ವಿಷಯದಲ್ಲಿ ಕೊಳ್ಳಬಹುದಾದದ್ದು ಈ ಐದರೊಳಗಿನ ಪಾಲನ್ನು ಮಾತ್ರ.

ಇದನ್ನು ಕೋಣೆಯ ಭಾಷೆಗೆ ತರೋಣ. ಎಸ್‌ಎಂ7ಬಿ ಜೊತೆ −128ರ ಪ್ರೀಆಂಪ್ ಸೇರಿಸುವ ಹಿಸ್, ಮೈಕಿನ ಮುಂದೆ 23 ಡೆಸಿಬೆಲ್ಲಿನ ಸದ್ದೊಂದು ಇದ್ದುದಕ್ಕೆ ಸಮ. ಫ್ಯಾನ್ ತಿರುಗುವ ಕೋಣೆಯಲ್ಲಿ 45 ಡೆಸಿಬೆಲ್ ಸದ್ದಿರುವುದು ಮಾಮೂಲು. ವ್ಯತ್ಯಾಸ 22 ಡೆಸಿಬೆಲ್. ಶಕ್ತಿಯ ಲೆಕ್ಕದಲ್ಲಿ ಫ್ಯಾನು ಪ್ರೀಆಂಪಿಗಿಂತ ನೂರೈವತ್ತು ಪಟ್ಟು ಜೋರು. ಅದರ ಮೇಲೆ ಪಕ್ಕದ ಮನೆಯ ಕುಕ್ಕರಿನ ಶಿಳ್ಳೆ, "ಸೊಪ್ಪೂ..." ಎಂದು ಕೂಗುವ ತಳ್ಳುಗಾಡಿಯವರು, ಮೂರನೆಯ ಮಹಡಿಯಲ್ಲಿ ಟೈಲ್ಸ್ ಕತ್ತರಿಸುವ ಯಂತ್ರ. ಇಷ್ಟೆಲ್ಲ ಇರುವ ಕೋಣೆಗೆ ಮೂರು ಡೆಸಿಬೆಲ್ ಹೆಚ್ಚು ಮೌನವಾದ ಪ್ರೀಆಂಪ್ ತಂದಿಟ್ಟು ಫಲವೇನು? ಅದೇ ದುಡ್ಡಿಗೆ ಭಾರದ ಪರದೆ, ಪುಸ್ತಕದ ಕಪಾಟು, ಕಿಟಕಿಯ ಸಂದಿಗೆ ರಬ್ಬರ್ ಬೀಡಿಂಗ್ ಹಾಕಿಸಿದರೆ ಅದಕ್ಕಿಂತ ಹೆಚ್ಚು ಗೆಲ್ಲಬಹುದು. ಆಕಾಶವಾಣಿಯ ಹಳೆಯ ಧ್ವನಿಮುದ್ರಣಗಳನ್ನು ಕೇಳಿ "ಎಂಥಾ ಸೌಂಡು!" ಎನ್ನುವವರು ಅದರ ಹಿಂದಿದ್ದ ಆಂಪ್ಲಿಫೈಯರಿನ ಹೆಸರು ವಿಚಾರಿಸುತ್ತಾರೆ. ಆ ಸ್ಟುಡಿಯೋಗಳ ದಪ್ಪ ಬಾಗಿಲು, ಸದ್ದು ಹೀರುವ ಗೋಡೆಗಳನ್ನು ವಿಚಾರಿಸುವವರು ಕಮ್ಮಿ.

ಎಸ್‌ಎಂ7ಬಿ ಹಿಂದೆಯೇ ಇನ್ನೊಂದು ಪುಟ್ಟ ಡಬ್ಬಿಯ ವ್ಯಾಪಾರ ಬೆಳೆದಿದೆ. ಕ್ಲೌಡ್‌ಲಿಫ್ಟರ್, ಫೆಟ್‌ಹೆಡ್ ಮುಂತಾದವು ಮೈಕಿಗೂ ಪ್ರೀಆಂಪಿಗೂ ನಡುವೆ ಕೂತು, ಪ್ರೀಆಂಪ್ ಮೈಕಿನ ವೈರಿನಲ್ಲೇ ಕಳಿಸುವ ಫ್ಯಾಂಟಮ್ ಪವರಿನ 48 ವೋಲ್ಟ್ ಕುಡಿದು, 25 ಡೆಸಿಬೆಲ್ ಆಸುಪಾಸು ಗೇನ್ ಕೊಡುತ್ತವೆ. ಗೇನ್ ನಿಜವಾಗಿ ಕಮ್ಮಿ ಬೀಳುವ, ಅಥವಾ ಇಐಎನ್ −120ರ ಅಕ್ಕಪಕ್ಕ ಇರುವ ಹಳೆಯ ಮಿಕ್ಸರಿಗೆ ಇವು ಉಪಕಾರಿ. −128ರ ಪ್ರೀಆಂಪಿಗೆ ಇವನ್ನು ಸೇರಿಸಿದರೆ ಮೀಟರ್ ಏರುತ್ತದೆ. ದನಿಗೂ ಹಿಸ್‌ಗೂ ನಡುವಿನ ಅಂತರ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಆದರೂ ಜನ ಕೊಳ್ಳುತ್ತಾರೆ, ನಾಬ್ ಮಧ್ಯದಲ್ಲಿ ನಿಂತಿದ್ದರೆ ಮನಸ್ಸಿಗೆ ನೆಮ್ಮದಿ. ನೆಮ್ಮದಿಗೂ ಬೆಲೆಯುಂಟು, ಅದನ್ನು ಧ್ವನಿಯ ಗುಣಮಟ್ಟ ಎಂದು ಕರೆಯದಿದ್ದರೆ ಸಾಕು.

ಅಂಕಿಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಇಐಎನ್ ಅಳೆಯುವುದು ಗೇನ್ ಪೂರ್ತಿ ಏರಿಸಿಟ್ಟಾಗ; ಅರ್ಧ ಗೇನಿನಲ್ಲಿ ಅಂಕಿ ಹಾಳಾಗುತ್ತದೆ, ಅದನ್ನು ಯಾರೂ ಅಚ್ಚುಹಾಕುವುದಿಲ್ಲ. ಕೆಲವರು 150 ಓಮ್ ಜೋಡಿಸಿ ಅಳೆದರೆ ಕೆಲವರು ಇನ್‌ಪುಟ್ ಶಾರ್ಟ್ ಮಾಡಿ ಅಳೆದು ಎರಡು ಮೂರು ಡೆಸಿಬೆಲ್ ಬಿಟ್ಟಿಯಾಗಿ ಗಿಟ್ಟಿಸಿಕೊಳ್ಳುತ್ತಾರೆ. ಯಾವ ಪದ್ಧತಿಯಲ್ಲಿ ಅಳೆದದ್ದು ಎಂದು ಬರೆಯದ ಕ್ಯಾಟಲಾಗನ್ನು ಬದಿಗಿಡುವುದೇ ಕ್ಷೇಮ. ಅಗ್ಗದ ಯಂತ್ರಗಳಲ್ಲಿ ಇನ್ನೊಂದು ಕಿರಿಕಿರಿ ಇರುತ್ತದೆ: ನಾಬಿನ ಮುಕ್ಕಾಲು ಹಾದಿಯವರೆಗೆ ಏನೂ ಆಗದೆ, ಕೊನೆಯ ಕೂದಲೆಳೆಯಲ್ಲಿ ಗೇನ್ ದಢಕ್ಕನೆ ಏರುವುದು. ಎರಡು ಚಾನೆಲ್‌ಗಳನ್ನು ಸರಿಸಮ ಮಾಡಿ ತಂಬೂರಿಯನ್ನು ಸ್ಟೀರಿಯೋದಲ್ಲಿ ಹಿಡಿಯಲು ಹೊರಟವರಿಗೆ ಇದರ ಸಂಕಟ ಗೊತ್ತಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಗೇನ್ ಸ್ವಿಚ್ಚಿಗೆ ಹೆಚ್ಚು ದುಡ್ಡು ಕೊಡುವುದರಲ್ಲಿ ನನ್ನ ಅಭ್ಯಂತರವಿಲ್ಲ.

ಕಂಡೆನ್ಸರ್ ಮೈಕಿನ ಕಥೆ ಬೇರೆ. ಅದರ ಮೊದಲ ಆಂಪ್ಲಿಫೈಯರ್ ಅದರ ಹೊಟ್ಟೆಯೊಳಗೇ ಇರುತ್ತದೆ. ನಾಯ್‌ಮನ್ ಕಂಪನಿಯ ಟಿಎಲ್‌ಎಂ 103 ಅದೇ 94 ಡೆಸಿಬೆಲ್ಲಿಗೆ 23 ಮಿಲಿವೋಲ್ಟ್ ಕೊಡುತ್ತದೆ, ಎಸ್‌ಎಂ7ಬಿಯ ಇಪ್ಪತ್ತು ಪಟ್ಟು. ಅದರ ಮುಂದೆ ನಮ್ಮ −128ರ ಪ್ರೀಆಂಪಿನ ಹಿಸ್ ಸೊನ್ನೆ ಡೆಸಿಬೆಲ್ಲಿಗೂ ಕೆಳಗೆ ಹೋಗುತ್ತದೆ. ಮೈಕಿನ ಸ್ವಂತ ಸದ್ದೇ 7 ಡೆಸಿಬೆಲ್ ಇರುವಾಗ ಪ್ರೀಆಂಪ್ ಚಿತ್ರದಲ್ಲೇ ಇಲ್ಲ. ಕಂಡೆನ್ಸರ್ ಮೈಕಿಟ್ಟುಕೊಂಡವರು "ಕಮ್ಮಿ ಹಿಸ್" ಎಂಬ ಕಾರಣಕ್ಕೆ ಪ್ರೀಆಂಪ್ ಕೊಂಡರೆ ಅದು ದಂಡ.

ಅವರು ನೋಡಬೇಕಾದ್ದು ಇನ್ನೊಂದು ತುದಿಯನ್ನು, ಜೋರು ಸದ್ದನ್ನು ಪ್ರೀಆಂಪ್ ತಡೆದುಕೊಳ್ಳುತ್ತದೆಯೇ ಎಂಬುದನ್ನು. ನಮ್ಮ ವಾದ್ಯಗಳ ಮಟ್ಟಿಗೆ ಇದೇ ಮುಖ್ಯ ಪರೀಕ್ಷೆ, ಇದರ ಬಗ್ಗೆಯೇ ಮಾತು ಕಮ್ಮಿ. ಯಕ್ಷಗಾನದ ಚೆಂಡೆಯ ಪೆಟ್ಟು ಹತ್ತಿರದ ಮೈಕಿನಲ್ಲಿ ಕ್ಷಣಮಾತ್ರಕ್ಕೆ 130 ಡೆಸಿಬೆಲ್ ಮುಟ್ಟಿತು ಎನ್ನೋಣ. ನಾಯ್‌ಮನ್ ಕಂಪನಿಯದೇ ಆದ ಕೆಎಂ 184 ಮೈಕು, 138ರವರೆಗೆ ತಡೆಯಬಲ್ಲದ್ದು, ಆಗ ಹೊರಹಾಕುವುದು ಹೆಚ್ಚುಕಡಿಮೆ ಒಂದು ವೋಲ್ಟ್. ಇದಕ್ಕೆ ಗೇನ್ ಯಾಕೆ ಬೇಕು? ಮೈಕೇ ಲೈನ್ ಲೆವೆಲ್ ಮುಟ್ಟಿಸಿಬಿಟ್ಟಿದೆ. ಇಲ್ಲಿ ಬೇಕಾದ್ದು ಇಪ್ಪತ್ತು ಡೆಸಿಬೆಲ್ ಇಳಿಸುವ ಪ್ಯಾಡ್ ಸ್ವಿಚ್ಚು, ಇಲ್ಲವೇ ಕನಿಷ್ಠ ಗೇನಿನಲ್ಲಿ +15ರಿಂದ +20 ಡಿಬಿಯುವರೆಗೆ ನುಂಗಿ ಸುಮ್ಮನಿರುವ ಇನ್‌ಪುಟ್ಟು. ಕಂಸಾಳೆಯ ತಾಳದ ಬಡಿತ ಇನ್ನೂ ಕಠಿಣ. ಕಂಚಿಗೆ ಕಂಚು ತಾಗಿದ ಆ ಕಣ್ಣೆವೆ ಇಕ್ಕುವಷ್ಟು ಹೊತ್ತಿನ ಚೂಪನ್ನು ಮೀಟರ್ ತೋರಿಸುವುದೇ ಇಲ್ಲ. ಮೀಟರ್ ಹಸಿರಲ್ಲೇ ಇರುವಾಗ ಒಳಗೆ ಸಿಗ್ನಲ್ ತುದಿ ಕತ್ತರಿಸಿಕೊಂಡಿರುತ್ತದೆ. ಅದೇ ಮೈಕಿನಲ್ಲಿ ಮಾದೇಶ್ವರನ ಕಥೆ ಹಾಡುವ ದನಿಯೂ ಬರಬೇಕು. ತಾಳಕ್ಕೆ ಗೇನ್ ಇಳಿಸಿದರೆ ಮಾತು ತಳಕ್ಕೆ ಹೋಗುತ್ತದೆ, ಮಾತಿಗೆ ಏರಿಸಿದರೆ ತಾಳ ಹರಿಯುತ್ತದೆ. ಪ್ರೀಆಂಪಿನ ಯೋಗ್ಯತೆ ಬೆಳಕಿಗೆ ಬರುವುದು ಇಂಥಲ್ಲಿ. ಪಾಡ್‌ಕ್ಯಾಸ್ಟಿನ ಕೋಣೆಯಲ್ಲಿ ಎಲ್ಲ ಪ್ರೀಆಂಪೂ ಒಳ್ಳೆಯದೇ.

ಇನ್ನು ಬಣ್ಣದ, ಅಂದರೆ ಪ್ರೀಆಂಪ್ ದನಿಗೆ ತಾನಾಗಿ ಸೇರಿಸುವ ಗುಣದ, ಪ್ರಶ್ನೆ. ಪುರಾಣವೆಲ್ಲ ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಂತು ನೋಡಬೇಕು.

ಮೂಲದೇವರು ನೀವ್ 1073. ರೂಪರ್ಟ್ ನೀವ್ ಎಂಬ ಇಂಗ್ಲಿಷ್ ಎಂಜಿನಿಯರ್ 1970ರಲ್ಲಿ ಲಂಡನ್ನಿನ ವೆಸೆಕ್ಸ್ ಸ್ಟುಡಿಯೋಗೆಂದು ಮಾಡಿದ ಕನ್ಸೋಲಿನ ಒಂದು ಬಿಡಿ ಮಾಡ್ಯೂಲ್ ಇದು. ಬೂದು-ನೀಲಿ ಮುಖ, ಗೇನಿಗೆ ಕೆಂಪು ನಾಬು. ಒಳಗೆ ಕ್ಲಾಸ್ ಎ ಟ್ರಾನ್ಸಿಸ್ಟರ್ ಸರ್ಕ್ಯೂಟು, ಹೊಕ್ಕುವಲ್ಲೊಂದು ಹೊರಡುವಲ್ಲೊಂದು ಟ್ರಾನ್ಸ್‌ಫಾರ್ಮರ್. ನೀವ್ 2021ರಲ್ಲಿ ತೀರಿಕೊಂಡರು, ಮಾಡ್ಯೂಲ್ ಮಾತ್ರ ಇನ್ನೂ ತಯಾರಾಗುತ್ತಿದೆ; ಅದನ್ನು ನಕಲು ಮಾಡಿದವರಿಗಂತೂ ಲೆಕ್ಕವಿಲ್ಲ. ಅಮೆರಿಕದ ಎಪಿಐನವರ 512, ವಾಲ್ವ್ ಕಾಲದ ಯೂನಿವರ್ಸಲ್ ಆಡಿಯೋ 610, ಜರ್ಮನಿಯ ವಿ72 ಇವೆಲ್ಲ ಅದೇ ಪಂಕ್ತಿಯ ಉಳಿದ ದೇವರುಗಳು.

1073ರಲ್ಲಿ ಹಾಡಿದರೆ ದನಿ "ಬೆಚ್ಚಗೆ" ಬರುತ್ತದೆ, "ಮುಂದೆ ಬಂದು ನಿಲ್ಲುತ್ತದೆ" ಎನ್ನುತ್ತಾರೆ. ಇದು ಪೂರ್ತಿ ಸುಳ್ಳಲ್ಲ. ಕಬ್ಬಿಣದ ತಿರುಳಿನ ಟ್ರಾನ್ಸ್‌ಫಾರ್ಮರ್ ಜೋರು ಸಿಗ್ನಲ್ಲಿಗೆ, ಅದರಲ್ಲೂ ಕೆಳಸ್ಥಾಯಿಯ ಸ್ವರಗಳಿಗೆ, ಮಣಿಯತೊಡಗುತ್ತದೆ. ಆಗ ಮೂಲದಲ್ಲಿಲ್ಲದ ಹಾರ್ಮೋನಿಕ್‌ಗಳು ಸೇರುತ್ತವೆ. ಕಿವಿ ಅವನ್ನು ದಪ್ಪ ಎಂದು ಗ್ರಹಿಸುತ್ತದೆ. ಆದರೆ ಈ ಗುಣ ಕಾಣಿಸಿಕೊಳ್ಳಬೇಕಾದರೆ ಯಂತ್ರವನ್ನು ಒತ್ತಿ ದುಡಿಸಬೇಕು. ಗೇನ್ ಏರಿಸಿ, ಔಟ್‌ಪುಟ್ ಇಳಿಸಿ, ಒಳಗೆ ಬೆವರಿಸಬೇಕು. ಮನೆಯ ಬಳಕೆದಾರರು ಕೆಂಪು ದೀಪಕ್ಕೆ ಹೆದರಿ ಅದನ್ನು ಸಾಧುವಾಗಿ ಬಳಸುತ್ತಾರೆ. ಹಾಗೆ ಬಳಸಿದ 1073 ಒಳ್ಳೆಯ, ಶುಭ್ರವಾದ ಪ್ರೀಆಂಪ್ ಅಷ್ಟೇ, ಲಕ್ಷ ರೂಪಾಯಿ ದಾಟಿದ ಶುಭ್ರ ಪ್ರೀಆಂಪ್.

ಪುರಾಣ ಬಿಟ್ಟುಬಿಡುವ ಸಂಗತಿಗಳು ಇನ್ನೂ ಎರಡಿವೆ. ಮೂಲದ 1073 ಬರಿಯ ಪ್ರೀಆಂಪ್ ಆಗಿರಲಿಲ್ಲ. ಅದರಲ್ಲಿ ಮೂರು ಪಟ್ಟಿಯ ಈಕ್ಯೂ ಇತ್ತು: 12 ಕಿಲೋಹರ್ಟ್ಸಿನಲ್ಲಿ ಹೊಳಪು ಏರಿಸುವುದು, ಮಧ್ಯದಲ್ಲಿ ಆರು ಆಯ್ಕೆ, ಕೆಳಗೆ ನಾಲ್ಕು. ಎಂಜಿನಿಯರುಗಳು ಆ ನಾಬುಗಳನ್ನು ತಿರುಗಿಸಿಯೇ ಆ ದನಿ ಮಾಡಿದ್ದು. ಇಂದು "1073 ಮಾದರಿ" ಎಂದು ಮಾರುವ ಅನೇಕ ಪೆಟ್ಟಿಗೆಗಳಲ್ಲಿ ಈಕ್ಯೂ ಇಲ್ಲವೇ ಇಲ್ಲ. ಮತ್ತೆ, ಹಳೆಯ ಆಲ್ಬಮ್ಮಿನ ಸಿಗ್ನಲ್ ಒಂದು ಮಾಡ್ಯೂಲ್ ದಾಟಿ ಮುಗಿಸುತ್ತಿರಲಿಲ್ಲ. ಮಾಡ್ಯೂಲ್, ಬಸ್ ಆಂಪ್ಲಿಫೈಯರ್, ಟೇಪು, ಮತ್ತೆ ಕನ್ಸೋಲು, ಮಿಕ್ಸ್ ಆಂಪ್ಲಿಫೈಯರ್, ಮತ್ತೆ ಟೇಪು: ಹೀಗೆ ಹತ್ತಾರು ಟ್ರಾನ್ಸ್‌ಫಾರ್ಮರುಗಳ, ಎರಡು ಸಲದ ಕಾಂತಪಟ್ಟಿಯ ಬಣ್ಣ ಸೇರಿ ಆದದ್ದು ಆ ಧ್ವನಿ. ಆ ಸರಪಣಿಯ ಒಂದು ಕೊಂಡಿ ಮಾತ್ರ ತಂದು ಲ್ಯಾಪ್‌ಟಾಪಿಗೆ ಜೋಡಿಸಿ, 1975ರ ಧ್ವನಿ ಬರಲಿಲ್ಲ ಎಂದು ಮುಖ ಸಪ್ಪೆ ಮಾಡಿಕೊಂಡವರನ್ನು ನಾನು ಕಂಡಿದ್ದೇನೆ. ಅವರ ಪೆಟ್ಟಿಗೆಯಲ್ಲಿ ದೋಷವಿರಲಿಲ್ಲ.

ಪ್ರೀಆಂಪುಗಳನ್ನು ಹೋಲಿಸಿ ಕೇಳಿಸುವ ವಿಡಿಯೋಗಳು ಇವತ್ತು ಬೇಕಾದಷ್ಟಿವೆ. ಅವುಗಳಲ್ಲಿ ಬಹುಪಾಲನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಡುಗಾರ್ತಿ ಅದೇ ಪಲ್ಲವಿಯನ್ನು ಐದು ಪ್ರೀಆಂಪಿಗೆ ಐದು ಸಲ ಹಾಡುತ್ತಾರೆ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಅವರ ತಲೆ ಎರಡು ಬೆರಳು ಹಿಂದೆ ಸರಿದರೆ ಸಾಕು, ಪ್ರೀಆಂಪುಗಳ ನಡುವಿನ ವ್ಯತ್ಯಾಸವನ್ನು ಅದು ನುಂಗಿಹಾಕುತ್ತದೆ. ಇನ್ನು ಸದ್ದಿನ ಮಟ್ಟ. ಅರ್ಧ ಡೆಸಿಬೆಲ್ ಜೋರಾಗಿರುವುದನ್ನು ಕಿವಿ ಜೋರು ಎಂದು ಗುರುತಿಸುವುದಿಲ್ಲ, "ಚೆಂದ" ಎಂದು ಗುರುತಿಸುತ್ತದೆ. ಸರಿಯಾದ ಪರೀಕ್ಷೆಗೆ ಒಂದೇ ಮೈಕಿನ ಸಿಗ್ನಲ್ಲನ್ನು ಸ್ಪ್ಲಿಟರಿನಿಂದ ಒಡೆದು ಎರಡು ಪ್ರೀಆಂಪಿಗೆ ಒಟ್ಟಿಗೇ ಕೊಡಬೇಕು, ಇಲ್ಲವೇ ಯಮಹಾದ ಡಿಸ್ಕ್‌ಲೇವಿಯರ್‌ನಂಥ ತಾನೇ ನುಡಿಯುವ ಪಿಯಾನೋ ಮುಂದೆ ಇಡಬೇಕು. ಮಟ್ಟವನ್ನು ಒಂದು ಟೋನ್ ಹಾಕಿ ಡೆಸಿಬೆಲ್ಲಿನ ಹತ್ತನೆಯ ಒಂದು ಭಾಗದೊಳಗೆ ಸಮ ಮಾಡಬೇಕು. ಯಾವುದು ಯಾವುದೆಂದು ಕೇಳುವವರಿಗೆ ಹೇಳಕೂಡದು. ಹೀಗೆ ಕೇಳಿಸಿದಾಗ ಮೊದಲು ಖಡಾಖಂಡಿತವಾಗಿ ಮಾತಾಡುತ್ತಿದ್ದವರ ದನಿ ಇಳಿಯುತ್ತದೆ. ಒತ್ತಿ ದುಡಿಸದ ಎರಡು ಒಳ್ಳೆಯ ಪ್ರೀಆಂಪುಗಳ ನಡುವಿನ ವ್ಯತ್ಯಾಸ ಇದೆಯಾದರೂ, ಮೈಕನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಿದಾಗ ಆಗುವ ವ್ಯತ್ಯಾಸದ ಮುಂದೆ ಅದು ತೀರಾ ಸಣ್ಣದು.

ಬಣ್ಣದ ಪ್ರೀಆಂಪುಗಳ ವಿಮರ್ಶೆಯೆಲ್ಲ ರಾಕ್ ಸಂಗೀತದ ಡ್ರಮ್ಮು, ಬೇಸ್ ಗಿಟಾರುಗಳನ್ನು ಇಟ್ಟುಕೊಂಡು ಆದದ್ದು. ನಮ್ಮ ಸಂಗೀತಕ್ಕೆ ಅದನ್ನು ಹಾಗೆಯೇ ಅನ್ವಯಿಸುವ ಮುಂಚೆ ಯೋಚಿಸಬೇಕಾದ ವಿಷಯವೊಂದಿದೆ. ಸಿಗ್ನಲ್ ಬಾಗಿದಾಗ ಹಾರ್ಮೋನಿಕ್ ಮಾತ್ರ ಹುಟ್ಟುವುದಿಲ್ಲ. ಒಟ್ಟಿಗಿರುವ ಎರಡು ಸ್ವರಗಳ ಕೂಡಿಕೆ, ಕಳೆಯುವಿಕೆಗಳೂ ಹೊಸ ಸ್ವರಗಳಾಗಿ ಹುಟ್ಟುತ್ತವೆ. ತಂಬೂರಿಯ ಷಡ್ಜ ಮತ್ತು ಪಂಚಮ ಎರಡಕ್ಕೆ ಮೂರರ ಸಂಬಂಧದಲ್ಲಿವೆ. ಪಂಚಮದಿಂದ ಷಡ್ಜ ಕಳೆದರೆ ಬರುವುದು ಒಂದು ಸ್ಥಾಯಿ ಕೆಳಗಿನ ಷಡ್ಜವೇ. ಹಾಗಾಗಿ ತಂಬೂರಿಯೊಂದನ್ನೇ ಬಣ್ಣದ ಪ್ರೀಆಂಪಿನಲ್ಲಿ ಸ್ವಲ್ಪ ಒತ್ತಿ ಹಿಡಿದರೆ ಸೇರುವ ಸ್ವರಗಳು ಶ್ರುತಿಯೊಳಗೇ ಬೀಳುತ್ತವೆ, ಜೀವಾಳದ ಝೇಂಕಾರ ತುಂಬಿಕೊಂಡಂತೆ ಕೇಳುತ್ತದೆ. ಆದರೆ ಅದೇ ಮೈಕಿನಲ್ಲಿ ಗಾಯಕರೂ ಇದ್ದು, ತೋಡಿಯ ಗಾಂಧಾರವನ್ನು ಗಮಕದಲ್ಲಿ ಅಲುಗಿಸುತ್ತಿದ್ದಾರೆ ಎನ್ನಿ. ಆ ಅಲುಗಾಟಕ್ಕೂ ನಿಂತ ಷಡ್ಜಕ್ಕೂ ನಡುವಿನ ಅಂತರ ಹೊಯ್ದಾಡುತ್ತದೆ. ಅದರೊಡನೆ ಯಾವ ಸ್ವರಸ್ಥಾನಕ್ಕೂ ಸೇರದ ಒಂದು ಕೆಳದನಿ ಏರಿಳಿಯುತ್ತದೆ. ಡಿಸ್ಟಾರ್ಷನ್ ಸಾವಿರದಲ್ಲೊಂದು ಪಾಲಿದ್ದಾಗ ಇದು ಕೇಳದು. "ಕ್ಯಾರೆಕ್ಟರ್" ಬರಲಿ ಎಂದು ನೂರಕ್ಕೆ ಎರಡು ಮೂರಕ್ಕೆ ಒತ್ತಿದರೆ ಗಮಕದ ಅಂಚು ಮಸುಕಾಗುತ್ತದೆ, ಶ್ರುತಿ ಕಲಕಿದ ಹಾಗಾಗುತ್ತದೆ. ತಪ್ಪು ಹಾಡಿದವರದೆಂದು ಕೇಳುಗರು ತಿಳಿಯುತ್ತಾರೆ.

ಆದ್ದರಿಂದ ಶಾಸ್ತ್ರೀಯ ಸಂಗೀತಕ್ಕೆ, ಒಂದೇ ಜೋಡಿ ಮೈಕಿನಲ್ಲಿ ಎಲ್ಲರನ್ನೂ ಹಿಡಿಯುವವರಿಗೆ, ನಾನು ಶುಭ್ರ ಪಂಥದ ಪರ. ಮಿಲೇನಿಯಾದ ಎಚ್‌ವಿ-3, ಗ್ರೇಸ್ ಡಿಸೈನಿನವರ ಯಂತ್ರಗಳು, ಜಾರ್ಜ್ ಮ್ಯಾಸೆನ್‌ಬರ್ಗ್ ಮಾಡಿದ ಜಿಎಂಎಲ್ 8300 ಈ ಪಂಥದ ದೊಡ್ಡ ಹೆಸರುಗಳು. ದುಬಾರಿ. ಅದೇ ಗುಣದ ಮುಕ್ಕಾಲು ಪಾಲು ಈಗ ಕೆಲವೇ ನೂರು ರೂಪಾಯಿಯ ಚಿಪ್ಪಿನಲ್ಲಿ ಬರುತ್ತದೆ. ದ್ಯಾಟ್ ಕಂಪನಿಯ 1510, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಐಎನ್‌ಎ217 ಇಂಥವನ್ನು ಹಾಕಿ ಮಾಡಿದ ಸಾದಾ ಪ್ರೀಆಂಪುಗಳನ್ನು ಹೆಸರಿಲ್ಲ ಎಂಬ ಕಾರಣಕ್ಕೆ ತಳ್ಳಿಹಾಕುವುದು ನ್ಯಾಯವಲ್ಲ. ಬಣ್ಣವೇ ಬೇಕಾದಾಗ ಮಿಕ್ಸಿಂಗ್ ಹೊತ್ತಿನಲ್ಲಿ ಪ್ಲಗಿನ್‌ನಿಂದ ಬಳಿಯಬಹುದು, ಬೇಡವಾದರೆ ಒರೆಸಬಹುದು. ರೆಕಾರ್ಡಿಂಗಿನಲ್ಲೇ ಸೇರಿದ ಬಣ್ಣ ಬಿಟ್ಟುಹೋಗದು. ಹಾಗೆಂದು ಸಿನಿಮಾ ಹಾಡಿಗೆ, ಬ್ಯಾಂಡಿಗೆ, ಒಬ್ಬೊಬ್ಬರನ್ನೇ ಬೇರೆ ಟ್ರ್ಯಾಕಿನಲ್ಲಿ ಹಿಡಿಯುವಾಗ 1073 ಮಾದರಿಯದೊಂದು ಪಕ್ಕದಲ್ಲಿದ್ದರೆ ಸುಖವೇ. ತೆಳು ದನಿಯ ಹಾಡುಗಾರರಿಗೆ ಅದು ಮಾಡುವ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ.

ಇಂಪೀಡೆನ್ಸ್, ಅಂದರೆ ಸಿಗ್ನಲ್ಲಿಗೆ ಎದುರಾಗುವ ವಿದ್ಯುತ್ ತಡೆಯ, ವಿಷಯಕ್ಕೆ ಹೆಚ್ಚು ಜಾಗ ಬೇಡ. ಪ್ರೀಆಂಪಿನ ಇನ್‌ಪುಟ್ ಇಂಪೀಡೆನ್ಸ್ ಮೈಕಿನ ಹತ್ತು ಪಟ್ಟಾದರೂ ಇರಲಿ ಎಂಬುದು ಸಾಮಾನ್ಯ ನಿಯಮ, ಈಗಿನ ಬಹುಪಾಲು ಯಂತ್ರಗಳು ಅದನ್ನು ಪಾಲಿಸುತ್ತವೆ. ರಿಬ್ಬನ್ ಮೈಕು ಇಟ್ಟುಕೊಂಡವರು ಮಾತ್ರ ಎಚ್ಚರವಾಗಿರಬೇಕು: ಕಮ್ಮಿ ಇಂಪೀಡೆನ್ಸಿನ ಪ್ರೀಆಂಪು ಅದರ ಕೆಳಸ್ವರಗಳನ್ನು ಸೊರಗಿಸುತ್ತದೆ, ಗೇನಂತೂ 65-70 ಡೆಸಿಬೆಲ್ ಬೇಕೇ ಬೇಕು. ವೀಣೆಯನ್ನು ರಿಬ್ಬನ್ನಿನಲ್ಲಿ ಹಿಡಿಯುವವರು ಇಂಟರ್ಫೇಸನ್ನು ನೆಚ್ಚದೆ ಪ್ರತ್ಯೇಕ ಪ್ರೀಆಂಪ್ ಕೊಂಡರೆ ಅದು ಅರ್ಥವಿರುವ ಖರ್ಚು. ಮೊದಲಲ್ಲಿ ನಾನು ಹೇಳಿದ "ಸಾಲದೆ ಇರುವವರ" ಪೈಕಿ ಅವರೇ ಮೊದಲಿಗರು.

ಹೊರಾಂಗಣದ ರೆಕಾರ್ಡಿಂಗ್ ಮಾಡುವವರು ಎರಡನೆಯವರು. ಜಾತ್ರೆ, ಕಲ್ಯಾಣಮಂಟಪ, ಬಯಲಾಟದ ರಂಗಸ್ಥಳಗಳಲ್ಲಿ ಹಿಸ್‌ಗಿಂತ ಗುಂಯ್‌ಗುಡುವ 50 ಹರ್ಟ್ಸಿನ ಕಾಟ ಹೆಚ್ಚು. ಸೀರಿಯಲ್ ಸೆಟ್ಟಿನ ದೀಪ, ಡಿಮ್ಮರು, ಜನರೇಟರು, ಇವುಗಳ ಪಕ್ಕದಲ್ಲೇ ಮೂವತ್ತು ಮೀಟರ್ ಮೈಕಿನ ವೈರು. ಬ್ಯಾಲೆನ್ಸ್ಡ್ ವೈರಿನ ಎರಡೂ ಎಳೆಗಳ ಮೇಲೆ ಸಮನಾಗಿ ಬಿದ್ದ ಗಲೀಜನ್ನು ಪ್ರೀಆಂಪ್ ಎಷ್ಟು ಕಳೆದುಹಾಕುತ್ತದೆ ಎಂಬುದಕ್ಕೆ ಸಿಎಂಆರ್‌ಆರ್ ಎಂಬ ಅಂಕಿಯಿದೆ. ಒಳ್ಳೆಯ ಟ್ರಾನ್ಸ್‌ಫಾರ್ಮರಿನ ನಿಜವಾದ ಹೆಚ್ಚುಗಾರಿಕೆ ಇರುವುದು ಈ ಕೆಲಸದಲ್ಲಿ. "ಬೆಚ್ಚಗಿನ ದನಿ"ಗೆಂದು ಅದನ್ನು ಕೊಂಡಾಡುವವರು ಈ ಗುಣದ ಬಗ್ಗೆ ತುಟಿ ಬಿಚ್ಚುವುದಿಲ್ಲ.

32 ಬಿಟ್ ಫ್ಲೋಟ್ ರೆಕಾರ್ಡರುಗಳು ಬಂದಿವೆಯಲ್ಲ, ಇನ್ನು ಗೇನಿನ ಚಿಂತೆ ಯಾಕೆ ಎನ್ನಬಹುದು. 2019ರಲ್ಲಿ ಜೂಮ್ ಎಫ್6 ಮತ್ತು ಸೌಂಡ್ ಡಿವೈಸಸ್‌ನವರ ಮಿಕ್ಸ್‌ಪ್ರಿ ಎರಡನೆಯ ಸರಣಿ ಬಂದ ಮೇಲೆ ಲೆವೆಲ್ ಹೊಂದಿಸುವ ತಲೆನೋವು ನಿಜಕ್ಕೂ ಇಳಿದಿದೆ. ಬೇರೆ ಬೇರೆ ಗೇನಿನ ಪರಿವರ್ತಕಗಳು ಒಟ್ಟಿಗೆ ದುಡಿದು, ಪಿಸುಮಾತಿನಿಂದ ಡೊಳ್ಳಿನವರೆಗೆ ಎಲ್ಲವನ್ನೂ ಒಂದೇ ಫೈಲಿನಲ್ಲಿ ಹಿಡಿಯುತ್ತವೆ. ಕಂಸಾಳೆಯ ಮೇಳವನ್ನು ಹಿಡಿಯಲು ನನಗೆ ಯಾರಾದರೂ ಒಂದೇ ಯಂತ್ರ ಆರಿಸಲು ಹೇಳಿದರೆ ಈ ಜಾತಿಯದ್ದನ್ನೇ ಎತ್ತಿಕೊಳ್ಳುತ್ತೇನೆ. ಆದರೆ ಆ ಪೆಟ್ಟಿಗೆಯೊಳಗೂ ಪ್ರೀಆಂಪ್ ಇದೆ, ಅದಕ್ಕೂ ಇಐಎನ್ ಇದೆ. ಫೈಲಿನ ಬಿಟ್ಟು ಹೆಚ್ಚಿದ ಮಾತ್ರಕ್ಕೆ ಹಿಸ್ ಇಳಿಯುವುದಿಲ್ಲ, ಮೈಕೇ ತುದಿ ಕತ್ತರಿಸಿಕೊಂಡರೆ ಅದನ್ನೂ ಉಳಿಸಲಾಗದು.

ಮೂರನೆಯ ಗುಂಪು ಹೆಚ್ಚು ಚಾನೆಲ್ ಬೇಕಾದವರದು. ಹಿಮ್ಮೇಳವನ್ನು ಭಾಗವತರು, ಮದ್ದಳೆ, ಚೆಂಡೆ, ಚಕ್ರತಾಳ ಎಂದು ಬಿಡಿಸಿ ಹಿಡಿಯಲು ಎಂಟು ಸಾಧಾರಣ ಪ್ರೀಆಂಪುಗಳು ಬೇಕೇ ಹೊರತು ಒಂದು ಅಸಾಧಾರಣ ಪ್ರೀಆಂಪಲ್ಲ. ಡಿಜಿಟಲ್ ಮಿಕ್ಸರುಗಳ ಬೆಲೆ ಇಳಿದ ಮೇಲೆ ಈ ಆಯ್ಕೆ ಕಷ್ಟವಾಗಿ ಉಳಿದಿಲ್ಲ.

ಇವರಲ್ಲಿ ಯಾರೂ ಅಲ್ಲದ, ಒಂದು ಮೈಕು ಒಂದು ಕೋಣೆಯ ಸಾಮಾನ್ಯ ಬಳಕೆದಾರರಿಗೂ ಪ್ರತ್ಯೇಕ ಪ್ರೀಆಂಪ್ ಕೊಳ್ಳಲು ನಾನು ಒಪ್ಪುವ ಕಾರಣ ಒಂದಿದೆ, ಅದು ಧ್ವನಿಗೆ ಸಂಬಂಧಿಸಿದ್ದಲ್ಲ. ಇಂಟರ್ಫೇಸ್ ಅರ್ಧ ಕಂಪ್ಯೂಟರು. ಅದರ ಆಯುಷ್ಯ ಡ್ರೈವರಿನ ಕೈಲಿ, ಪೋರ್ಟಿನ ಕೈಲಿ. ಒಂದು ಕಾಲಕ್ಕೆ ಸ್ಟುಡಿಯೋಗಳ ಹೆಮ್ಮೆಯಾಗಿದ್ದ ಫೈರ್‌ವೈರ್ ಇಂಟರ್ಫೇಸುಗಳ ಒಳಗಿನ ಪ್ರೀಆಂಪುಗಳು ಇವತ್ತಿಗೂ ಚೆನ್ನಾಗಿವೆ, ಚುಚ್ಚಲು ಲ್ಯಾಪ್‌ಟಾಪಿನಲ್ಲಿ ಕಿಂಡಿಯೇ ಇಲ್ಲ. ಅನಲಾಗ್ ಪ್ರೀಆಂಪಿಗೆ ಈ ಗೋಳಿಲ್ಲ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಒಳಗೆ, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಹೊರಗೆ. ಅರ್ಧ ಶತಮಾನದ ಹಿಂದಿನ ಮಾಡ್ಯೂಲುಗಳು ಈಗಲೂ ಕೆಲಸ ಮಾಡುತ್ತಿರುವುದು ಹೀಗೆ. ಕೆಪಾಸಿಟರ್ ಒಣಗಿದರೆ ಬದಲಾಯಿಸುತ್ತಾರೆ, ಟ್ರಾನ್ಸಿಸ್ಟರ್ ಸುಟ್ಟರೆ ಇನ್ನೊಂದು ಹಾಕುತ್ತಾರೆ. ಕೊಳ್ಳುವವರು ಹೆಸರು ಕೇಳುವ ಮುಂಚೆ ಪೆಟ್ಟಿಗೆಯ ಮುಚ್ಚಳ ತೆಗೆಸಿ ನೋಡಲಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಬಿಡಿಭಾಗಗಳಿಂದ, ಬೆಸುಗೆ ಕಡ್ಡಿ ಹಿಡಿಯಬಲ್ಲ ಊರಿನ ಮೆಕ್ಯಾನಿಕ್ಕೊಬ್ಬರು ರಿಪೇರಿ ಮಾಡಬಹುದಾದ ಸರ್ಕ್ಯೂಟು ಒಳಗಿದ್ದರೆ ನಾಲ್ಕು ಕಾಸು ಹೆಚ್ಚು ಕೊಡಬಹುದು. ಅಕ್ಕಿಕಾಳಿಗಿಂತ ಸಣ್ಣ ಬಿಡಿಭಾಗಗಳು ಒತ್ತಾಗಿ ಕೂತ ಬೋರ್ಡಾದರೆ, ವಾರಂಟಿ ಮುಗಿಯುವವರೆಗಿನ ಬಾಡಿಗೆ ಕಟ್ಟುತ್ತಿದ್ದೇವೆ ಎಂದುಕೊಂಡೇ ಬೆಲೆ ಚೌಕಾಸಿ ಮಾಡಬೇಕು.